ಖಾಲಿ ಮೊಳೆ

ಆ ಮಂಗಳವಾರ ಆಪರೇಟರು ಹೆದರಿಕೊಳ್ಳುವುದಕ್ಕೆಂದೇ ಊಟ ಬೇಗ ಮುಗಿಸಿ ಕೂತಿದ್ದರು.

ಅವರ ಮಗಳು ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಒಂದು ಆಟ ಕಟ್ಟುತ್ತಿದ್ದಳು. ಹೆದರಿಸುವ ಆಟ. ಭೂಮಿಯ ಉತ್ತರದ ತುತ್ತತುದಿ, ಮಂಜುಗಡ್ಡೆ ಬಿಟ್ಟರೆ ಬೇರೇನೂ ಇಲ್ಲದ ಜಾಗ, ತಿಂಗಳುಗಟ್ಟಲೆ ಸೂರ್ಯ ಹುಟ್ಟದ ಚಳಿಗಾಲ. ಅಲ್ಲೊಂದು ಹವಾಮಾನ ಠಾಣೆ, ಅದರೊಳಗೆ ಒಬ್ಬನೇ ಒಬ್ಬ ಮನುಷ್ಯ. ಆಟ ಆಡುವವರೇ ಆ ಮನುಷ್ಯ. ಆಟದೊಳಗಿನ ಗಡಿಯಾರದಲ್ಲಿ ಗಂಟೆಗೊಮ್ಮೆ ಎದ್ದು ಗಾಳಿ ಎಷ್ಟು, ಚಳಿ ಎಷ್ಟು ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ನಡುವೆ ಹೊರಗಿನಿಂದ ಒಂದು ದೆವ್ವ ಬರುತ್ತದೆ. ಹೆಚ್ಚೆಂದರೆ ಒಂದೂಕಾಲು ಗಂಟೆಯ ಆಟ. ಬರುವ ಭಾನುವಾರ ಅದನ್ನು ಲೋಕಕ್ಕೆ ಬಿಡುವುದೆಂದು ಗೊತ್ತಾಗಿತ್ತು.

ತೊಂದರೆ ಏನೆಂದರೆ, ಆಟಕ್ಕೆ ಯಾರೂ ಹೆದರಿರಲಿಲ್ಲ. ಮಗಳ ಸ್ನೇಹಿತರು ನಾಲ್ವರು ಆಡಿ ನೋಡಿದ್ದರು. ಒಬ್ಬಳು ದೆವ್ವ ಮುದ್ದಾಗಿದೆ ಎಂದಳು. ಇನ್ನೊಬ್ಬ ಒಂದು ಕೈಯಲ್ಲಿ ಆಡುತ್ತಾ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಾತಾಡಿದ. ಉಳಿದಿಬ್ಬರು ಚೆನ್ನಾಗಿದೆ ಎಂದರು, ಅದು ಬೈಗುಳಕ್ಕಿಂತ ಕಡೆ. ಒಬ್ಬರಾದರೂ, ಒಂದೇ ಒಂದು ಸಲವಾದರೂ, ನಿಜವಾಗಿ ಹೆದರಲಿ ಎಂಬುದಷ್ಟೇ ಅವಳ ಆಸೆ. ಇಲ್ಲದಿದ್ದರೆ ಆಟ ಬಿಡುವುದೇ ಇಲ್ಲ, ವಾಪಸ್ ಬೋರ್ಡು ಬರೆಯುವ ಅಂಗಡಿಯ ಹಳೇ ಕೆಲಸಕ್ಕೇ ಹೋಗುತ್ತೇನೆ ಎಂದು ತಟ್ಟೆಯ ಮುಂದೆ ಕೂತು ಹೇಳಿದಳು. ಅಪ್ಪ ತಡೆಯಲಾರದೆ, ನಾನು ಹೆದರುತ್ತೇನೆ ಬಾ ಎಂದು ಧಾರಾಳವಾಗಿ ಮಾತು ಕೊಟ್ಟುಬಿಟ್ಟರು.

ಆಪರೇಟರ ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುವವರು. ಮಗಳ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಜೋಡಿಸಿ ಪರದೆ ಹೊಲಿದುಕೊಟ್ಟವರೂ ಅವರೇ, ನೆತ್ತಿಯ ಮೇಲೆ ಬಿಸಿಲಿರುವಾಗ ಮನೆಯಲ್ಲಿ ಕತ್ತಲೆ ಮಾಡಿಕೊಂಡು ಕೂರುವ ಬುದ್ಧಿ ಯಾರಿಂದ ಬಂತೋ ಎಂದು ಗೊಣಗುವವರೂ ಅವರೇ. ಅವರಿಗೆ ಮಗಳ ಮೇಲೆ ಇನ್ನೊಂದು ದೂರಿತ್ತು. ಅಡುಗೆಮನೆಯಿಂದ ಒಂದು ಇಡೀ ಡಬ್ಬಿ ಕಾರ್ನ್‌ಫ್ಲೋರ್ ಕಾಣೆಯಾಗಿ ಹದಿನೈದು ದಿನ ಹುಡುಕಾಡಿದ್ದರು. ಕೊನೆಗೆ ಅದು ಬಟ್ಟೆಯ ಚೀಲವೊಂದರಲ್ಲಿ ಕಟ್ಟಿದ ಸ್ಥಿತಿಯಲ್ಲಿ ಸಿಕ್ಕಿತು. ಮಗಳು ಆ ಚೀಲವನ್ನು ಮೈಕಿನ ಮುಂದೆ ಹಿಸುಕಿ ಹಿಸುಕಿ ಹಿಮದ ಮೇಲೆ ನಡೆಯುವ ಸದ್ದು ಮಾಡಿಕೊಂಡಿದ್ದಳು. ಹಿಮವನ್ನು ಆ ಮನೆಯಲ್ಲಿ ಯಾರೂ ಕಂಡವರಲ್ಲ.

ಹಿಮ ಕಾಣದಿದ್ದರೇನಂತೆ, ಚಳಿ ಕಂಡಿದ್ದವರು ಒಬ್ಬರಿದ್ದರು. ಆಪರೇಟರು ಮೂವತ್ತನಾಲ್ಕು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನಡೆಸಿ ನಿವೃತ್ತರಾದವರು. ಬೆಣ್ಣೆ, ಬಟಾಣಿ, ಮೀನು ತುಂಬಿದ ನಾಲ್ಕು ದೊಡ್ಡ ಚೇಂಬರುಗಳನ್ನು ಮೈನಸ್ ಇಪ್ಪತ್ತರಲ್ಲಿ ಕಾಪಾಡಿದವರು. ಕೆಲಸ ಬಿಟ್ಟು ಆರು ವರ್ಷವಾದರೂ ಬೀದಿಯವರಿಗೆಲ್ಲ ಅವರು ಆಪರೇಟರೇ. ಮನೆಯ ಫ್ರಿಜ್ಜು ಸ್ವಲ್ಪ ಬೇರೆ ಥರ ಗುಂಯ್ ಎಂದರೂ ನಿದ್ದೆಯಲ್ಲೇ ಎದ್ದು ಕೂರುತ್ತಿದ್ದರು. ಅಂಥವರಿಗೆ ಮಗಳು ಹೆಡ್‌ಫೋನು ಹಾಕಿ, ಮೌಸು ಕೈಗಿತ್ತು, ಹಿಂದೆ ಒಂದು ಸ್ಟೂಲಿನ ಮೇಲೆ ನೋಟ್‌ಪುಸ್ತಕ ಹಿಡಿದು ಕೂತಳು.

ಐದೇ ನಿಮಿಷದಲ್ಲಿ ಆಪರೇಟರಿಗೆ ಆಟ ಪ್ರಾಣವಾಗಿ ಹೋಯಿತು. ಹೆದರಿ ಅಲ್ಲ, ಖುಷಿಯಿಂದ. ಜನರೇಟರಿನ ಗೇಜು ನೋಡಿದರು, ಎಣ್ಣೆ ನೋಡಿದರು, ಹೊರಗೆ ಹೋಗಿ ಗಾಳಿಯ ಯಂತ್ರ ನೋಡಿದರು, ಒಳಗೆ ಬಂದು ಪುಸ್ತಕದಲ್ಲಿ ಬರೆದರು. ಮೈನಸ್ ನಲವತ್ತರಲ್ಲಿ ಬರಿಗೈಯಲ್ಲಿ ಕಬ್ಬಿಣದ ಹಿಡಿ ಮುಟ್ಟಿದರೆ ಚರ್ಮ ಕಿತ್ತುಕೊಂಡು ಬರುತ್ತದೆ, ನಿನ್ನ ಮನುಷ್ಯನಿಗೆ ಕೈಗವಸು ಕೊಡು ಎಂದು ಮಗಳಿಗೆ ಸಲಹೆ ಕೊಟ್ಟರು. ಅವಳು ಬರೆದುಕೊಂಡಳು. ಅರ್ಧ ಗಂಟೆ ಕಳೆಯಿತು. ಮುಕ್ಕಾಲು ಗಂಟೆ ಕಳೆಯಿತು. ದೆವ್ವದ ಸುಳಿವೇ ಇಲ್ಲ.

ಮಗಳು ಮೊದಲು ಆಟವೇ ಕೆಟ್ಟಿದೆ ಎಂದುಕೊಂಡಳು. ಆಮೇಲೆ ಅಪ್ಪನ ಕೈ ನೋಡಿದಳು. ಅವರು ಒಂದು ಬಾಗಿಲು ದಾಟಿದರೆ ತಿರುಗಿ ನಿಂತು ಅದನ್ನು ಮುಚ್ಚುತ್ತಿದ್ದರು, ಹಿಡಿ ಎಳೆದು ಕೂತಿದೆಯೇ ಎಂದು ನೋಡುತ್ತಿದ್ದರು, ಆಮೇಲೆ ಮುಂದಿನ ಹೆಜ್ಜೆ. ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ತೆರೆದಿಟ್ಟವನಿಗೆ ಅವರು ಕೊಡುತ್ತಿದ್ದ ಬೈಗುಳ ಇವಳು ಚಿಕ್ಕಂದಿನಲ್ಲಿ ಕಿವಿಯಾರೆ ಕೇಳಿದ್ದಳು. ಆದರೆ ಆಟ ಕಟ್ಟುವಾಗ ಆ ಮಾತು ಹೊಳೆದಿರಲಿಲ್ಲ. ಅವಳ ದೆವ್ವ ಒಳಗೆ ಬರುತ್ತಿದ್ದುದು ಆಡುವವರು ಮುಚ್ಚದೆ ಬಿಟ್ಟ ಬಾಗಿಲಿನಿಂದ ಮಾತ್ರ. ಅವಸರದಲ್ಲಿ ಓಡಾಡುವವರು ಒಂದಲ್ಲ ಒಂದು ಬಾಗಿಲು ಮರೆತೇ ಮರೆಯುತ್ತಾರೆ ಎಂಬ ನಂಬಿಕೆಯ ಮೇಲೆ ಎರಡು ವರ್ಷದ ಕೆಲಸ ನಿಂತಿತ್ತು. ದೆವ್ವ ಪಾಪ ಹಿಮದಲ್ಲಿ ನಿಂತೇ ಇತ್ತು, ಅಪ್ಪ ಒಳಗೆ ಬೆಚ್ಚಗೆ ಲೆಕ್ಕ ಬರೆಯುತ್ತಿದ್ದರು. ಮಗಳು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಆಗ ಬಿರುಗಾಳಿಯ ಭಾಗ ಬಂತು. ಇಲ್ಲಿ ಬಾಗಿಲು ಮುಚ್ಚಿದ್ದರೂ ಬಿಡುವ ಹಾಗಿರಲಿಲ್ಲ. ಹೊರಬಾಗಿಲನ್ನು ಯಾರೋ ಮೂರು ಸಲ ತಟ್ಟುತ್ತಾರೆ, ಪರದೆಯ ಮೇಲೆ ಚಿಲಕ ಹಾಕು ಎಂಬ ಅಕ್ಷರ ಮೂಡುತ್ತದೆ. ಹಾಕಿದರೆ ಆಟ ಮುಂದುವರಿಯುತ್ತದೆ. ತಡ ಮಾಡಿದರೆ ಬಾಗಿಲು ಒಡೆದು ಎಲ್ಲ ಕತ್ತಲಾಗುತ್ತದೆ. ಆಪರೇಟರು ಚಿಲಕದವರೆಗೆ ಹೋದರು, ಬಾಗಿಲ ಪಕ್ಕದ ಗೋಡೆ ನೋಡಿದರು, ನಿಂತರು. ಅಲ್ಲೊಂದು ಹಲಗೆ, ಹಲಗೆಯಲ್ಲಿ ಮೂರು ಮೊಳೆ. ಎರಡು ಮೊಳೆಗೆ ಹಿತ್ತಾಳೆಯ ಬಿಲ್ಲೆ ನೇತುಹಾಕಿತ್ತು. ಮೂರನೆಯದು ಖಾಲಿ.

ಆ ಹಲಗೆ ಅಪ್ಪನ ಕೋಲ್ಡ್ ಸ್ಟೋರೇಜಿನದು. ಚೇಂಬರಿನೊಳಗೆ ಹೋಗುವ ಪ್ರತಿಯೊಬ್ಬ ತನ್ನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹೊರಗೆ ಬಂದ ಮೇಲೆ ಮೊಳೆಗೆ ಹಾಕಬೇಕು. ಒಂದು ಮೊಳೆ ಖಾಲಿ ಇದ್ದರೂ ಬಾಗಿಲು ಹಾಕುವಂತಿಲ್ಲ. ಮಗಳು ಅದನ್ನು ನೆನಪಿನಿಂದ ಬರೆದು, ಗೋಡೆ ಬೋಳಾಗಿ ಕಾಣದಿರಲಿ ಎಂದು ಆಟದಲ್ಲಿ ತೂಗುಹಾಕಿದ್ದಳು. ಅಂದಕ್ಕೆ, ಅಷ್ಟೆ.

ತಟ್ಟುವ ಸದ್ದು ಮತ್ತೆ ಬಂತು. ಆಪರೇಟರು ಅಲುಗಲಿಲ್ಲ. ಬಾಗಿಲು ಒಡೆಯಿತು, ಕತ್ತಲಾಯಿತು. ಮಗಳು ಪುನಃ ಅಲ್ಲಿಂದಲೇ ಶುರುಮಾಡಿಕೊಟ್ಟಳು. ಮತ್ತೆ ಅದೇ. ಮೂರನೆಯ ಸಲ ಅವಳ ತಾಳ್ಮೆ ತಪ್ಪಿತು.

"ಅಪ್ಪ, ಅದು ಮನುಷ್ಯ ಅಲ್ಲ, ದೆವ್ವ. ಚಿಲಕ ಹಾಕು."

"ಒಂದು ಬಿಲ್ಲೆ ಇನ್ನೂ ಬಂದಿಲ್ಲ. ಹೇಗೆ ಹಾಕ್ಲಿ?"

ಧ್ವನಿ ಅವರದಲ್ಲ ಎನ್ನುವ ಹಾಗಿತ್ತು. ಮಗಳು ಬಗ್ಗಿ ನೋಡಿದಳು. ಅಪ್ಪನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಅವಳು ಎರಡು ವರ್ಷದಿಂದ ಕಾಯುತ್ತಿದ್ದ ಭಯ ಕಣ್ಣೆದುರಿಗೇ ಕೂತಿತ್ತು, ಆದರೆ ಅದನ್ನು ನೋಡಿ ಅವಳಿಗೆ ಒಂಚೂರೂ ಸಂತೋಷವಾಗಲಿಲ್ಲ. ಮೆತ್ತಗೆ ಹೆಡ್‌ಫೋನು ತೆಗೆದಳು, ಕಿಟಕಿಯ ಪರದೆ ಸರಿಸಿದಳು.

ಆಪರೇಟರು ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಆ ದಿನ ಹೇಳಿದರು.

ಮೂವತ್ತೊಂದು ವರ್ಷದ ಹಿಂದೆ, ಬಿಲ್ಲೆಯ ಹಲಗೆ ಇನ್ನೂ ಬಂದಿರದ ಕಾಲ. ಒಂದು ಮಧ್ಯಾಹ್ನ ಮೂರನೇ ಚೇಂಬರಿಗೆ ಮಾಲು ತುಂಬಿ ಲೋಡರುಗಳು ಹೊರಗೆ ಬಂದರು. ಎಂಟು ಜನರಲ್ಲಿ ಏಳು ಜನ. ಎಂಟನೆಯವನು ಆರಡಿ. ಐದಡಿಯೂ ಇಲ್ಲದ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರು ಅದು. ಆರಡಿ ಯಾವಾಗಲೂ ಎಲ್ಲರಿಗಿಂತ ಮೊದಲೇ ಟೀ ಅಂಗಡಿಗೆ ಓಡುವವನು, ಇವತ್ತೂ ಓಡಿರಬೇಕು ಎಂದು ಆಪರೇಟರು ಬಾಗಿಲು ಹಾಕಿದರು. ಪೈಪಿನ ಮಂಜು ಕರಗಿಸುವುದಕ್ಕೆ ಬಿಸಿ ಗ್ಯಾಸು ಬಿಟ್ಟರು. ಆರಡಿ ಬಿದ್ದ ಟೋಪಿ ಹುಡುಕುತ್ತಾ ಒಳಗೆ, ಬಟಾಣಿ ಮೂಟೆಗಳ ಹಿಂದೆ ಇದ್ದ. ಒಳಗಿನಿಂದ ಬಾಗಿಲು ತೆಗೆಯುವ ಹಿಡಿ ಮಂಜುಗಟ್ಟಿ ಕೂತುಬಿಟ್ಟಿತ್ತು.

ನಲವತ್ತು ನಿಮಿಷ. ಆಮೇಲೆ ಬಾಗಿಲು ತೆಗೆದದ್ದೂ ಆಯಿತು, ಆರಡಿ ಹೊರಗೆ ಬಂದದ್ದೂ ಆಯಿತು, ಎರಡು ದಿನದಲ್ಲಿ ಕೆಲಸಕ್ಕೆ ಹಾಜರಾಗಿ ಮೊದಲಿನ ಹಾಗೇ ಹಲ್ಲು ಕಿರಿದದ್ದೂ ಆಯಿತು. ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಅಷ್ಟು. ಗೊತ್ತಿಲ್ಲದ್ದು ಒಂದಿತ್ತು.

"ತಟ್ಟೋದು ನನಗೆ ಕೇಳಿಸ್ತು," ಎಂದರು ಆಪರೇಟರು. "ಬಿಸಿ ಗ್ಯಾಸ್ ಬಿಟ್ಟಾಗ ಪೈಪು ಟಣ್ ಟಣ್ ಅನ್ನುತ್ತೆ. ಪೈಪು ಅಂದ್ಕೊಂಡೆ. ಕೇಳಿಸ್ಕೊಂಡೇ ಕೂತು ಟೀ ಕುಡಿದೆ."

ಗ್ಯಾಸು ನಿಲ್ಲಿಸಿದ ಮೇಲೂ ಸದ್ದು ನಿಲ್ಲದಿದ್ದಾಗ ಅವರು ಎದ್ದುಬಿದ್ದು ಓಡಿದ್ದರು. ಮಾರನೆಯ ವಾರ ಯಜಮಾನರ ತಲೆ ತಿಂದು ತಿಂದು ಬಿಲ್ಲೆಯ ಹಲಗೆ ಹಾಕಿಸಿದವರೂ ಅವರೇ. ಆದರೆ ಸದ್ದು ಕೇಳಿತ್ತು ಎಂಬ ಮಾತು ಮಾತ್ರ ಗಂಟಲಿನಿಂದ ಹೊರಗೆ ಬರಲಿಲ್ಲ. ಆರಡಿಯೂ ಆ ದಿನದ ವಿಷಯ ಒಮ್ಮೆಯೂ ಎತ್ತಲಿಲ್ಲ. ಈಗಲೂ ಇಬ್ಬರೂ ದಿನಾ ಸಂಜೆ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ, ರಾಜಕೀಯ ಮಾತಾಡುತ್ತಾರೆ, ಮಂಡಿನೋವು ಮಾತಾಡುತ್ತಾರೆ. ಅದೊಂದನ್ನು ಬಿಟ್ಟು.

ಹೆಂಡತಿ ಯಾವಾಗಲೋ ಬಂದು, ಕತ್ತರಿ ಕೈಯಲ್ಲಿ ಹಿಡಿದೇ ಬಾಗಿಲಲ್ಲಿ ನಿಂತಿದ್ದರು. ಊರಿಗೆ ಹೊರಟಾಗಲೆಲ್ಲ ಗಂಡ ಬೀಗ ಹಾಕಿದ ಮೇಲೂ ಕಿಟಕಿಯಿಂದ ಇಣುಕಿ, ಒಳಗೆ ಯಾರೂ ಇಲ್ಲ ತಾನೆ ಎಂದು ಕೇಳುತ್ತಿದ್ದುದಕ್ಕೆ ಇಷ್ಟು ವರ್ಷ ಅವರು ಹಣೆ ಚಚ್ಚಿಕೊಂಡಿದ್ದರು. ಈಗ ಒಳಗೆ ಹೋಗಿ ಟೀ ಮಾಡಿಕೊಂಡು ಬಂದರು, ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿದ್ದರು.

ಮಗಳು ಮಾತ್ರ ತನ್ನ ಕೆಲಸದ ಹುಳುವೇ. ಟೀ ಮುಗಿಯುವಷ್ಟರಲ್ಲಿ ಅವಳ ತಲೆ ಓಡಿತ್ತು. ಇಷ್ಟು ದಿನ ತಾನು ಬಾಗಿಲಿನ ತಪ್ಪು ಕಡೆ ದೆವ್ವ ಹುಡುಕುತ್ತಿದ್ದೆ ಎಂದಳು. ದೆವ್ವವೇ ಬೇಡ. ತಟ್ಟುವ ಸದ್ದು, ಚಿಲಕ, ಖಾಲಿ ಮೊಳೆ, ಇಷ್ಟಿದ್ದರೆ ಸಾಕು. ಹೊರಗಿರುವುದು ಯಾರು ಎಂದು ತೋರಿಸುವುದೇ ಬೇಡ. ಚಿಲಕ ಹಾಕು ಎಂಬ ಅಕ್ಷರವನ್ನೂ ತೆಗೆಯುತ್ತೇನೆ, ಹಾಕುವುದು ಬಿಡುವುದು ಆಡುವವರಿಗೆ ಬಿಟ್ಟದ್ದು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಅರಳಿತ್ತು.

ಆಪರೇಟರು ಲೋಟ ಕೆಳಗಿಟ್ಟರು. "ಆ ನಲವತ್ತು ನಿಮಿಷ ನನ್ನದಲ್ಲ, ಅವನದು," ಎಂದರು. "ಅವನನ್ನ ಕೇಳ್ದೆ ಹಾಕೋ ಹಾಗಿಲ್ಲ."

ಹಾಗಾದರೆ ಕೇಳು ಎಂದಳು ಮಗಳು. ನೀರು ಕುಡಿದಷ್ಟು ಸುಲಭ ಎನ್ನುವ ಹಾಗೆ.

ಅಲ್ಲಿಂದ ನಾಲ್ಕು ದಿನ ಆಪರೇಟರಿಗೆ ಊಟ ರುಚಿಸಲಿಲ್ಲ. ಬುಧವಾರ ವಾಕಿಂಗಿನಲ್ಲಿ ಹೇಳಬೇಕೆಂದು ಬಾಯಿ ತೆರೆದರು, ಆರಡಿ ತನ್ನ ಸೊಸೆ ತಂದ ಹೊಸ ಮಿಕ್ಸಿಯ ವಿಷಯ ಶುರುಮಾಡಿದ. ಗುರುವಾರ ಆರಡಿಯೇ ಸುಮ್ಮನಿದ್ದ, ಇವರಿಗೇ ಧೈರ್ಯ ಬರಲಿಲ್ಲ. ಕೇಳಿಸಿಕೊಂಡೂ ಕೂತಿದ್ದೆಯಾ ಎಂದು ಅವನು ಒಂದು ಸಲ ತಿರುಗಿ ನೋಡಿದರೆ ಸಾಕು, ಮೂವತ್ತು ವರ್ಷದ ಸ್ನೇಹ ಅಲ್ಲಿಗೆ ಮುಗಿಯಿತು ಎಂದು ಅವರ ಲೆಕ್ಕ. ಹೇಳದೇ ಇದ್ದರೆ ಮಗಳ ಆಟ ಮುಗಿಯಿತು. ಶುಕ್ರವಾರ ಕಾಲುನೋವು ಎಂದು ನೆಪ ಹೇಳಿ ವಾಕಿಂಗಿಗೇ ಹೋಗಲಿಲ್ಲ. ಕೋಣೆಯೊಳಗೆ ಮಗಳು, ಅಪ್ಪ ಹೇಗೂ ಕೇಳುತ್ತಾರೆ ಎಂಬ ಭರವಸೆಯಲ್ಲಿ ಹೊಸ ಬಾಗಿಲನ್ನು ಕಟ್ಟಿ ಮುಗಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ಆರಡಿಯನ್ನು ಮನೆಗೇ ಕರೆದದ್ದು ಹೆಂಡತಿ. ಗಂಡನನ್ನು ನಂಬಿಕೊಂಡರೆ ಭಾನುವಾರವೂ ಕಳೆದುಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆರಡಿ ಬಂದ, ಚಪ್ಪಲಿ ಬಿಟ್ಟ, ಆಪರೇಟರ ಕಾಲು ನೋಡಿ ಚೆನ್ನಾಗಿಯೇ ಇದೆಯಲ್ಲ ಎಂದ. ಆಪರೇಟರು ಬಾ ಕೂತ್ಕೋ, ನಿನ್ನ ಹತ್ತಿರ ಒಂದು ಮಾತಿದೆ ಎಂದು ಶುರುಮಾಡುವುದಕ್ಕೂ, ತೆರೆದಿದ್ದ ಬಾಗಿಲಿನಿಂದ ಆರಡಿಗೆ ಮಗಳ ಕಂಪ್ಯೂಟರು ಕಾಣುವುದಕ್ಕೂ ಸರಿಹೋಯಿತು. ಇದೇ ಏನಮ್ಮ ನಿನ್ನ ದೆವ್ವದ ಆಟ ಎನ್ನುತ್ತಾ ಹೋಗಿ ಕುರ್ಚಿಯಲ್ಲಿ ಕೂತೇಬಿಟ್ಟ. ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಹೇಳಿದರಾಯಿತು ಎಂದು ಅಪ್ಪ ಕೈ ಚೆಲ್ಲಿದರು.

ಆರಡಿ ಆಡಿದ್ದು ನೋಡುವ ಹಾಗಿತ್ತು. ಒಂದು ಬಾಗಿಲನ್ನೂ ಮುಚ್ಚಲಿಲ್ಲ, ಮಗಳು ದೆವ್ವವನ್ನು ತೆಗೆದುಹಾಕಿದ್ದರಿಂದ ಬಚಾವಾದ. ಹೆಡ್‌ಫೋನು ಹಾಕಿಕೊಂಡವನು ತಾನು ಕಿರುಚುತ್ತಿದ್ದೇನೆ ಎಂಬ ಅರಿವಿಲ್ಲದೆ ಪಕ್ಕದ ಮನೆಗೆ ಕೇಳುವ ಹಾಗೆ ಮಾತಾಡಿದ. ಹಿಮದ ಮೇಲೆ ನಡೆಯುವ ಸದ್ದು ಅವನಿಗೆ ಎಷ್ಟು ಹಿಡಿಸಿತೆಂದರೆ ಕೆಲಸ ಬಿಟ್ಟು ಠಾಣೆಯ ಸುತ್ತ ಎರಡು ಸುತ್ತು ಹಾಕಿದ. ಗೇಜಿನಲ್ಲಿ ಮೂವತ್ತೆಂಟಿದ್ದರೆ ಪುಸ್ತಕದಲ್ಲಿ ನಲವತ್ತು ಬರೆದ. ಲೋಡರುಗಳ ಕೈಗೆ ಲಾಗ್‌ಬುಕ್ಕು ಕೊಡಬಾರದು ಅನ್ನೋದು ಇದಕ್ಕೇ ಎಂದು ಆಪರೇಟರು ಹಿಂದಿನಿಂದ ಗೊಣಗಿದರು. ಒಂದು ಗಳಿಗೆ ಅವರಿಗೆ ತಮ್ಮ ಸಂಕಟವೇ ಮರೆತಿತ್ತು.

ಬಿರುಗಾಳಿ ಎದ್ದಿತು. ಆರಡಿಯ ಬಾಯಿ ನಿಂತಿತು. ದೀಪ ಒಮ್ಮೆ ಮಂಕಾಗಿ ಮತ್ತೆ ಹೊತ್ತಿಕೊಂಡಿತು. ಹೊರಬಾಗಿಲನ್ನು ಯಾರೋ ತಟ್ಟಿದರು.

ಆರಡಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಎದ್ದವನು ಹಲಗೆ ನೋಡಲಿಲ್ಲ, ಮೊಳೆ ನೋಡಲಿಲ್ಲ, ನೇರ ಓಡಿಹೋಗಿ ಚಿಲಕ ಹಾಕಿದ. ಹಾಕಿದ್ದು ಸಾಲದೆಂದು ಇನ್ನೊಂದು ಸಲ ಹಾಕಲು ಮೌಸನ್ನು ಮೇಜಿಗೆ ಕುಟ್ಟಿದ.

ಮಗಳು ಚಿಲಕದ ಆಚೆಗೆ ಏನೂ ಇಟ್ಟಿರಲಿಲ್ಲ. ಬಾಗಿಲು ಒಡೆಯಲಿಲ್ಲ, ಯಾರೂ ಕಿರುಚಲಿಲ್ಲ. ತಟ್ಟುವ ಸದ್ದು ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ನಿಧಾನವಾಯಿತು. ಆಮೇಲೆ ಬಿಟ್ಟು ಬಿಟ್ಟು ಬಂತು. ಆಮೇಲೆ ನಿಂತುಹೋಯಿತು. ಒಳಗೆ ದೀಪ ಉರಿಯುತ್ತಲೇ ಇತ್ತು, ಪುಸ್ತಕ ತೆರೆದಿತ್ತು, ಗಂಟೆಯ ಲೆಕ್ಕ ಬರೆಯುವ ಹೊತ್ತಾಗಿತ್ತು. ಗೋಡೆಯಲ್ಲಿ ಖಾಲಿ ಮೊಳೆ ಕಾಣುತ್ತಿತ್ತು. ಆರಡಿ ಅದನ್ನು ಆಗ ನೋಡಿದ.

ಅವನು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡ. 

"ಹಾಕ್ಬಿಟ್ನಲ್ಲೋ," ಎಂದ. "ನಾನೇ ಹಾಕ್ಬಿಟ್ನಲ್ಲ."

ಆಪರೇಟರು ಇನ್ನು ತಡೆಯಲಾರದೆ ಹೇಳಿದರು. ಪೈಪು, ಬಿಸಿ ಗ್ಯಾಸು, ಟೀ, ಎಲ್ಲವನ್ನೂ ಒಂದೇ ಉಸಿರಿಗೆ. ಹೇಳಿ ಮುಗಿಸಿ ನೆಲ ನೋಡುತ್ತಾ ನಿಂತರು. ಅಷ್ಟು ವಯಸ್ಸಿನ ಮನುಷ್ಯ ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಿಂತದ್ದನ್ನು ಹೆಂಡತಿಗೆ ನೋಡಲಾಗಲಿಲ್ಲ.

ಆರಡಿ ಕೇಳಿಸಿಕೊಂಡ. ಕೋಪ ಬಂದ ಹಾಗೆ ಕಾಣಲಿಲ್ಲ, ಏನೋ ಲೆಕ್ಕ ಹಾಕುತ್ತಿರುವವನ ಹಾಗೆ ಕಂಡ. ಆಮೇಲೆ ಮಗಳ ಕಡೆ ತಿರುಗಿ, ಚಿಲಕ ಹಾಕದೆ ಬಾಗಿಲು ತೆಗೆದರೆ ಏನಾಗುತ್ತದೆ ಎಂದು ಕೇಳಿದ. ಮಗಳು ತಡವರಿಸಿದಳು. ತೆಗೆಯುವವರಿಗೆಂದು ಇನ್ನೂ ಏನೂ ಮಾಡಿಲ್ಲ ಮಾಮ, ಸುಮ್ಮನೆ ಕತ್ತಲಾಗುತ್ತದೆ, ತೆಗೆದರೆ ಏನಾಗುತ್ತೆ ಅಂತ ನನಗೇ ಗೊತ್ತಾಗಲಿಲ್ಲ ಎಂದಳು.

"ನನಗೆ ಗೊತ್ತು, ಬರ್ಕೋ," ಎಂದ ಆರಡಿ. "ತೆಗೆದೋನು ಮೊದಲು ನನ್ನ ಬೂಟು ಬಿಚ್ಚಿದ. ತನ್ನ ಅಂಗಿ ಗುಂಡಿ ಬಿಚ್ಚಿ, ನನ್ನ ಎರಡೂ ಕಾಲು ಎತ್ತಿ ಕಂಕುಳಲ್ಲಿ ಇಟ್ಕೊಂಡ. ಹಂಗೇ ಒಂದು ಗಂಟೆ ಕೂತಿದ್ದ, ಹಲ್ಲು ಕಟಕಟ ಅನ್ನಿಸ್ಕೊಂಡು. ಹತ್ತಕ್ಕೆ ಹತ್ತು ಬೆರಳೂ ಇವತ್ತಿಗೂ ಇದಾವೆ. ಆ ದಿನದ್ದು ನನಗೆ ನೆನಪಿರೋದು ಅದೊಂದೇ ಕಣಮ್ಮ."

ಆಪರೇಟರು ಮುಖ ಎತ್ತಿದರು. "ನಾನಾ?" ಎಂದರು.

"ಇನ್ಯಾರು, ನಿನ್ನ ಕಂಪ್ರೆಸರ್ರಾ?"

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಅದೇ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡರು. ಆಪರೇಟರು ನಿಂತಲ್ಲೇ ನಿಂತು ಹುಡುಕಾಡಿದರು. ಮೂವತ್ತೊಂದು ವರ್ಷ ಆ ಮಧ್ಯಾಹ್ನಕ್ಕೆ ಹಿಂದಿರುಗಿದಾಗಲೆಲ್ಲ ಅವರು ಕೇಳಿದ್ದು ತಟ್ಟುವ ಸದ್ದೊಂದನ್ನೇ. ಬಾಗಿಲು ತೆಗೆದ ಕೂಡಲೇ ನೆನಪು ನಿಂತುಹೋಗುತ್ತಿತ್ತು. ಅದರಾಚೆಗೆ ಅವರು ಯಾವತ್ತೂ ಹೋಗಿ ನೋಡಿರಲಿಲ್ಲ.

ಮಗಳು ಆಗಲೇ ಕೀಬೋರ್ಡು ಎಳೆದುಕೊಂಡಿದ್ದಳು. ನಾಳೆ ಆಟ ಬಿಡಬೇಕು, ಕೈಯಲ್ಲಿ ಒಂದೇ ದಿನ. ಅವಳಿಗೆ ಎಲ್ಲ ಸರಿಯಾಗಿ ಬೇಕು. ಬೂಟು ಎಂಥದು, ಅಂಗಿ ಎಂಥದು, ಕೂತದ್ದು ನೆಲದ ಮೇಲೋ ಪೆಟ್ಟಿಗೆಯ ಮೇಲೋ ಎಂದು ಆರಡಿಯನ್ನು ಒಂದೊಂದಾಗಿ ಕೇಳಿ ಬರೆದುಕೊಂಡಳು. ಆಮೇಲೆ, ಮೊದಲು ಬಿಚ್ಚಿದ್ದು ಯಾವ ಕಾಲಿನ ಬೂಟು ಮಾಮ ಎಂದಳು. ಆರಡಿ ಸೂರು ನೋಡಿದ, ಗಲ್ಲ ಕೆರೆದುಕೊಂಡ, ಅಷ್ಟು ನೆನಪಿಲ್ಲವಲ್ಲಮ್ಮ ಎಂದ.

"ಎಡಗಾಲು," ಎಂದರು ಆಪರೇಟರು.